ಸುಡದ ಬೆಳಕು

1981ರ ನವೆಂಬರ್ 27, ಶುಕ್ರವಾರ. ಹಿಂದಿನ ದಿನ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮನೆಮನೆಯಲ್ಲೂ ಟರ್ಕಿ ಕೋಳಿಯ ಊಟ. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಯಾರ್ಕ್‌ಟೌನ್ ಹೈಟ್ಸ್‌ನ ಐಬಿಎಂ ಸಂಶೋಧನಾ ಕೇಂದ್ರಕ್ಕೆ ಆ ಶುಕ್ರವಾರ ಬಂದ ರಂಗಸ್ವಾಮಿ ಶ್ರೀನಿವಾಸನ್ ಅವರ ಕೈಯಲ್ಲಿ ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿಯ ತುಂಡುಗಳಿದ್ದವು. ಅದರ ಮೃದ್ವಸ್ಥಿಯನ್ನು ಅವರು ತಮ್ಮ ಲೇಸರ್ ಯಂತ್ರದ ಮುಂದಿಟ್ಟು ಕಿರಣ ಹಾಯಿಸಿದರು. ಕಣ್ಣಿಗೆ ಕಾಣದ, ನೇರಳೆಗಿಂತಲೂ ಆಚೆಯ ಅತಿನೇರಳೆ ಬೆಳಕು ಅದು. ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟೇ ಹೊತ್ತು ಇರುವಂಥದ್ದು.

ಕಿರಣ ಬಿದ್ದಲ್ಲಿ ಗೆರೆ ಕೊರೆದಿತ್ತು. ಅಂಚು ನೇರವಾಗಿತ್ತು. ಸುಟ್ಟ ವಾಸನೆಯಿಲ್ಲ, ಕರಕಿಲ್ಲ, ಸುತ್ತಲಿನ ಅಂಗಾಂಶ ಮುದುಡಿರಲಿಲ್ಲ.

ಇದು ನಿಜವಾಗಿಯೂ ಆ ಬೆಳಕಿನ ಗುಣವೇ ಎಂದು ಖಚಿತಪಡಿಸಿಕೊಳ್ಳಲು ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿ, ಭೌತವಿಜ್ಞಾನಿ ಜೇಮ್ಸ್ ವಿನ್ ಎರಡು ಕಿರಣಗಳನ್ನು ಹೋಲಿಸಿ ನೋಡಿದರು. ಒಂದು 193 ನ್ಯಾನೊಮೀಟರಿನ ಆ ಅಗೋಚರ ಕಿರಣ, ಇನ್ನೊಂದು 532 ನ್ಯಾನೊಮೀಟರಿನ ಹಸಿರು ಲೇಸರ್. ಹಸಿರು ಕಿರಣ ಬಿದ್ದ ಕಡೆ ಅಂಗಾಂಶ ಬೆಂದು, ಅಂಚು ಹರಿದು, ಸುಟ್ಟು ಕರಕಲಾಯಿತು. ಅಗೋಚರ ಕಿರಣ ಬಿದ್ದ ಕಡೆ ಮತ್ತೆ ಅದೇ ಶುಭ್ರ ಕೊರೆತ. ಲೇಸರ್ ಅಂದರೆ ಸುಡುವ ಬೆಳಕು ಎಂದೇ ಅಲ್ಲಿಯವರೆಗೆ ಎಲ್ಲರ ಎಣಿಕೆ. ಸುಡದೆ ಕೊರೆಯುವ ಲೇಸರೊಂದಿದೆ ಎನ್ನುವುದೇ ಇವರು ಕಂಡುಕೊಂಡ ಸಂಗತಿ. ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಯ ಕತೆ ಶುರುವಾಗುವುದು ಇಲ್ಲಿಂದ. ಕಣ್ಣಿನ ವೈದ್ಯರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಶ್ರೀನಿವಾಸನ್ ಹುಟ್ಟಿದ್ದು 1929ರಲ್ಲಿ, ಮದರಾಸಿನಲ್ಲಿ. ಮದರಾಸು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋಗಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ಡಾಕ್ಟರೇಟ್ ಪಡೆದು, 1961ರಲ್ಲಿ ಐಬಿಎಂ ಸೇರಿದರು. ಬೆಳಕು ಬಿದ್ದಾಗ ಅಣುಗಳಲ್ಲಿ ಏನಾಗುತ್ತದೆ ಎನ್ನುವುದು ಅವರ ಜೀವಮಾನದ ಪ್ರಶ್ನೆ. ಕಂಪನಿಗೆ ಬೇಕಿದ್ದದ್ದು ಚಿಪ್, ಸರ್ಕ್ಯೂಟುಗಳ ತಯಾರಿಕೆಗೆ ಪ್ಲಾಸ್ಟಿಕ್ಕಿನ ಮೇಲೆ ಅತಿ ಸೂಕ್ಷ್ಮವಾದ ನಕಾಶೆ ಕೊರೆಯುವ ಉಪಾಯ. 1980ರ ದಶಕದ ಹೊಸ್ತಿಲಲ್ಲಿ ಅವರು ವೆರೋನಿಕಾ ಮೇನ್-ಬ್ಯಾಂಟನ್ ಜೊತೆ ಪಾಲಿಯೆಸ್ಟರ್ ಹಾಳೆಯ ಮೇಲೆ ಈ ಅಗೋಚರ ಕಿರಣ ಹೊಮ್ಮಿಸುವ ಎಕ್ಸೈಮರ್ ಲೇಸರ್ ಹಾಯಿಸಿದಾಗ, ರಾಸಾಯನಿಕದಲ್ಲಿ ತೊಳೆಯುವ ಗೋಜೇ ಇಲ್ಲದೆ ಬೆಳಕು ಬಿದ್ದಷ್ಟು ಜಾಗದ ಪ್ಲಾಸ್ಟಿಕ್ ಆವಿಯಾಗಿ ಹಾರಿಹೋಗಿ, ನಕಾಶೆ ತಾನಾಗಿಯೇ ಮೂಡಿತ್ತು. ಪ್ಲಾಸ್ಟಿಕ್ಕಿನಂತೆ ನಮ್ಮ ಮೈಯ ಪ್ರೋಟೀನೂ ಉದ್ದುದ್ದ ಸರಪಳಿಯ ಅಣುವೇ. ಹಾಗಿದ್ದರೆ ಚರ್ಮ, ಮೂಳೆಗಳ ಮೇಲೆ ಇದೇ ಬೆಳಕು ಏನು ಮಾಡೀತು? ಶ್ರೀನಿವಾಸನ್, ವಿನ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಸ್ಯಾಮ್ಯುಯೆಲ್ ಬ್ಲಮ್ ಮೂವರೂ ಇದನ್ನು ಮಾತಾಡಿಕೊಳ್ಳುತ್ತಿದ್ದರು. ಟರ್ಕಿಯ ತುಂಡು ಪ್ರಯೋಗಾಲಯಕ್ಕೆ ಬಂದದ್ದು ಈ ಪ್ರಶ್ನೆಯ ಬೆನ್ನು ಹತ್ತಿ. ಇದನ್ನು ಆಕಸ್ಮಿಕ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆಕಸ್ಮಿಕವಾಗಿದ್ದದ್ದು ಹಬ್ಬದ ಮರುದಿನ ಎನ್ನುವುದಷ್ಟೇ.

ಸುಡುವುದಿಲ್ಲ ಏಕೆ? ಬೆಳಕು ಕಣಕಣವಾಗಿ ಬರುತ್ತದೆ, ತರಂಗ ಗಿಡ್ಡವಾದಷ್ಟೂ ಒಂದು ಕಣದ ಶಕ್ತಿ ಹೆಚ್ಚು. 193 ನ್ಯಾನೊಮೀಟರಿನ ಒಂದು ಫೋಟಾನ್‌ನಲ್ಲಿ 6.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದೆ. ಎರಡು ಇಂಗಾಲ ಪರಮಾಣುಗಳ ನಡುವಿನ ಬಂಧ ಮುರಿಯಲು ಸುಮಾರು 3.6 ಸಾಕು. ಹೀಗಾಗಿ ಒಂದೊಂದು ಕಣವೂ ನೇರವಾಗಿ ಒಂದು ಬಂಧವನ್ನು ಕಡಿಯಬಲ್ಲದು. ಕಡಿದ ತುಣುಕುಗಳು ಹೊರಕ್ಕೆ ಚಿಮ್ಮುವಾಗ ಉಳಿದ ಶಕ್ತಿಯನ್ನೂ ಹೊತ್ತೊಯ್ಯುತ್ತವೆ. ಕೆಳಗಿನ ಪದರಕ್ಕೆ ಬಿಸಿ ತಟ್ಟಲು ಸಮಯವೇ ಇರುವುದಿಲ್ಲ. ಇನ್ನೊಂದು ಗುಣವೂ ಅಷ್ಟೇ ಮುಖ್ಯ. ಪ್ರೋಟೀನು ಈ ಬೆಳಕನ್ನು ಎಷ್ಟು ಆತುರದಿಂದ ಹೀರಿಕೊಳ್ಳುತ್ತದೆಂದರೆ ಅದು ಮೈಕ್ರಾನಿಗಿಂತ ಆಳಕ್ಕೆ ಇಳಿಯುವುದೇ ಕಷ್ಟ. ಒಂದು ಮಿಡಿತಕ್ಕೆ ಏಳುವ ಪದರದ ದಪ್ಪ ಸುಮಾರು ಕಾಲು ಮೈಕ್ರಾನ್. ಐಬಿಎಂ ತಂಡ ಮನುಷ್ಯನ ಒಂದು ತಲೆಗೂದಲ ಮೇಲೆ ಸಾಲಾಗಿ ಚೌಕಾಕಾರದ ಕಚ್ಚುಗಳನ್ನು ಕೊರೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ಆಮೇಲೆ ಲೋಕವನ್ನೆಲ್ಲ ಸುತ್ತಿತು. ಕೂದಲು ಬಾಗಿಲ್ಲ, ಸುರುಟಿಲ್ಲ, ಕಚ್ಚಿನ ಮೂಲೆಗಳು ಮೂಲೆಗಳಾಗಿಯೇ ಇವೆ. ಆ ಚಿತ್ರ ನೋಡಿದ ಯಾವ ಶಸ್ತ್ರವೈದ್ಯನಿಗೂ ಕೈ ಕಡಿಯದೆ ಇರಲಾರದು.

ಎಕ್ಸೈಮರ್ ಲೇಸರಿನ ಮೂಲ ಮಾಸ್ಕೋದ ಲೆಬೆದೆವ್ ಸಂಸ್ಥೆ. 1970ರಲ್ಲಿ ನಿಕೊಲಾಯ್ ಬಾಸೊವ್ ಮತ್ತು ಸಂಗಡಿಗರು ಅಲ್ಲಿ ಮೊದಲನೆಯದನ್ನು ಮಾಡಿದ್ದರು. ಆರ್ಗಾನ್ ಮತ್ತು ಫ್ಲೋರೀನ್ ಬೆರೆಸಿ 193 ನ್ಯಾನೊಮೀಟರಿನ ಕಿರಣ ಹುಟ್ಟಿಸುವ ಬಗೆ ಅಮೆರಿಕದಲ್ಲಿ ಅದೇ ದಶಕದಲ್ಲಿ ಸಿದ್ಧವಾಯಿತು. ಇದೇ ಕಿರಣ ಮುಂದೆ ಕಂಪ್ಯೂಟರ್ ಚಿಪ್‌ಗಳ ಮೇಲೆ ಸರ್ಕ್ಯೂಟು ಮುದ್ರಿಸುವ ಕೆಲಸಕ್ಕೂ ನಿಂತಿತು. ಕೈಯಲ್ಲಿರುವ ಮೊಬೈಲಿನ ಚಿಪ್ ಮತ್ತು ಲೇಸರ್ ಮಾಡಿಸಿಕೊಂಡ ಕಣ್ಣು ಎರಡೂ ಒಂದೇ ತರಂಗದಿಂದ ರೂಪ ಪಡೆದವು ಎನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಶ್ರೀನಿವಾಸನ್, ವಿನ್, ಬ್ಲಮ್ ಮೂವರು ಪೇಟೆಂಟಿಗೆ ಅರ್ಜಿ ಹಾಕಿದ್ದು 1982ರ ಡಿಸೆಂಬರಿನಲ್ಲಿ. ಹಲ್ಲು, ಮೂಳೆ, ಚರ್ಮ, ರಕ್ತನಾಳ ಎಲ್ಲೆಲ್ಲಿ ಈ ಬೆಳಕು ಕೆಲಸಕ್ಕೆ ಬರಬಹುದೋ ಅದೆಲ್ಲ ಅವರ ಮನಸ್ಸಿನಲ್ಲಿತ್ತು. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನು ಕೊರೆದು ತೆಗೆಯುವುದರ ಮೇಲೆ ಐಬಿಎಂ ಪ್ರಯೋಗಗಳನ್ನೂ ಮಾಡಿತು. ಈ ಬೆಳಕಿಗೆ ತಕ್ಕ ಅಂಗವನ್ನು ಗುರುತಿಸಿದ್ದು ಮಾತ್ರ ಹೊರಗಿನವರೊಬ್ಬರು.

ಅವರ ಬಳಿಗೆ ಹೋಗುವ ಮುನ್ನ, ಕನ್ನಡಕ ಬಿಡಿಸುವ ಆಸೆ ಅಷ್ಟು ಹೊತ್ತಿಗೆ ಯಾವ್ಯಾವ ದಾರಿ ತುಳಿದಿತ್ತು ಎನ್ನುವುದನ್ನು ನೋಡಬೇಕು. ಕಣ್ಣಿನ ಮುಂದಿನ ಪಾರದರ್ಶಕ ಗಾಜು, ಕಾರ್ನಿಯಾ, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಕಣ್ಣುಗುಡ್ಡೆ ಉದ್ದವಾಗಿದ್ದರೆ ಅಥವಾ ಕಾರ್ನಿಯಾ ಹೆಚ್ಚು ಉಬ್ಬಿದ್ದರೆ ಬಿಂಬ ಅಕ್ಷಿಪಟಲಕ್ಕೆ ಮುಂಚೆಯೇ ಕೂಡುತ್ತದೆ, ದೂರದ್ದು ಮಬ್ಬಾಗುತ್ತದೆ. ಅದೇ ಮೈನಸ್ ಪವರ್. ಕಾರ್ನಿಯಾದ ಉಬ್ಬನ್ನು ತುಸು ತಗ್ಗಿಸಿದರೆ ಬಿಂಬ ಹಿಂದಕ್ಕೆ ಸರಿಯುತ್ತದೆ. ಲೆಕ್ಕ ಇಷ್ಟೇ. ಕಷ್ಟ ಇರುವುದು ಕೈಯಲ್ಲಿ.

ಜಪಾನಿನ ತ್ಸುತೊಮು ಸಾಟೊ 1930ರ ದಶಕದ ಕೊನೆಯಿಂದ ಕಾರ್ನಿಯಾವನ್ನು ಕುಯ್ದು ಚಪ್ಪಟೆ ಮಾಡುವ ಪ್ರಯತ್ನಕ್ಕೆ ಕೈಹಾಕಿದರು. ಮುಂದಿನಿಂದಲೂ ಒಳಗಿನಿಂದಲೂ ಗೀರು ಹಾಕುತ್ತಿದ್ದರು. ಪವರ್ ಇಳಿಯಿತು, ರೋಗಿಗಳು ಸಂತೋಷಪಟ್ಟರು. ಕಾರ್ನಿಯಾದ ಒಳಮೈಗೆ ಒಂದೇ ಒಂದು ಕೋಶದ ದಪ್ಪದ ಪದರವಿದೆ, ನೀರನ್ನು ಸದಾ ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುವುದು ಅದೇ, ಒಮ್ಮೆ ಸತ್ತರೆ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ ಎನ್ನುವುದು ಆಗ ಗೊತ್ತಿರಲಿಲ್ಲ. ಹತ್ತಾರು ವರ್ಷ ಕಳೆದ ಮೇಲೆ ಆ ಕಣ್ಣುಗಳು ಊದಿಕೊಂಡು ಬೆಳ್ಳಗಾಗತೊಡಗಿದವು. ಆರೋಗ್ಯವಂತ ಕಣ್ಣಿಗೆ, ಬರಿಯ ಕನ್ನಡಕ ಬಿಡಿಸುವ ಸಲುವಾಗಿ ಕೈಹಾಕುವವರು ಮೊದಲು ಓದಬೇಕಾದ ಅಧ್ಯಾಯ ಇದು ಎಂದು ನನ್ನ ಗಟ್ಟಿ ಅಭಿಪ್ರಾಯ. ತಪ್ಪು ಗೊತ್ತಾಗುವ ಹೊತ್ತಿಗೆ ವೈದ್ಯನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಒಳಮೈಯನ್ನು ಮುಟ್ಟದೆ ಮುಂದಿನಿಂದಷ್ಟೇ ಗೀರು ಹಾಕುವ ವಿಧಾನ ಬೆಳೆಸಿದರು. ಬೀದಿಯಲ್ಲಿ ಪೆಟ್ಟು ತಿಂದು ಕನ್ನಡಕ ಒಡೆದು, ಚೂರು ಕಾರ್ನಿಯಾಕ್ಕೆ ಚುಚ್ಚಿದ ಹುಡುಗನೊಬ್ಬನ ಗಾಯ ಮಾಗಿದ ಮೇಲೆ ಅವನ ಮೈನಸ್ ಪವರ್ ತಗ್ಗಿದ್ದನ್ನು ಕಂಡು ಅವರಿಗೆ ಇದು ಹೊಳೆಯಿತೆಂದು ಕಣ್ಣಿನ ವೈದ್ಯರು ಇಂದಿಗೂ ಹೇಳಿಕೊಳ್ಳುತ್ತಾರೆ. ನಡುವಿನ ಪಾಪೆಯ ಭಾಗ ಬಿಟ್ಟು, ಸುತ್ತ ಚಕ್ರದ ಕಡ್ಡಿಗಳ ಹಾಗೆ ವಜ್ರದ ಅಲಗಿನಿಂದ ಗೀರು. ಕಾರ್ನಿಯಾದ ದಪ್ಪದ ಬಹುಪಾಲು ಆಳಕ್ಕೆ. ಅವರ ಆಸ್ಪತ್ರೆಯಲ್ಲಿ ರೋಗಿಗಳ ಮಂಚಗಳು ಒಬ್ಬ ವೈದ್ಯರಿಂದ ಇನ್ನೊಬ್ಬರ ಮುಂದಕ್ಕೆ ತಾವಾಗಿಯೇ ಸರಿಯುತ್ತಿದ್ದವು, ಒಬ್ಬೊಬ್ಬರು ಒಂದೊಂದು ಹಂತ ಮುಗಿಸುತ್ತಿದ್ದರು. ಈ ಶಸ್ತ್ರಚಿಕಿತ್ಸೆ 1978ರಲ್ಲಿ ಅಮೆರಿಕಕ್ಕೂ ಹೋಯಿತು. ಆದರೆ ಅಷ್ಟು ಆಳವಾಗಿ ಸೀಳಿದ ಕಾರ್ನಿಯಾ ಸ್ಥಿರವಾಗಿ ನಿಲ್ಲಲಿಲ್ಲ. ಅಮೆರಿಕ ಸರ್ಕಾರದ ನೆರವಿನಿಂದ ನಡೆದ ದೊಡ್ಡ ಅಧ್ಯಯನವೊಂದು ಹತ್ತು ವರ್ಷ ರೋಗಿಗಳ ಬೆನ್ನು ಬಿಡದೆ ನೋಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು: ನೂರಕ್ಕೆ 43 ಕಣ್ಣುಗಳು ಒಂದು ಡಯಾಪ್ಟರ್ (ಕನ್ನಡಕದ ಪವರಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಸರಿದುಹೋಗಿದ್ದವು.

ಮೂರನೆಯ ದಾರಿ ಹೊಸೆ ಇಗ್ನಾಸಿಯೊ ಬರ್ರಾಕೆರ್ ಅವರದು. ಬಾರ್ಸಿಲೋನಾದಲ್ಲಿ ಕಣ್ಣಿನ ವೈದ್ಯರ ಮನೆತನದಲ್ಲಿ ಹುಟ್ಟಿ ಕೊಲಂಬಿಯಾದ ಬೊಗೋಟಾದಲ್ಲಿ ನೆಲೆಸಿದವರು. ಗೀರು ಹಾಕುವುದಲ್ಲ, ಕಾರ್ನಿಯಾದ ಆಕಾರವನ್ನೇ ಕೆತ್ತಬೇಕು ಎಂದು ಅವರು 1949ರಲ್ಲೇ ಬರೆದಿದ್ದರು. ಅದಕ್ಕಾಗಿ ಅವರು ಮಾಡುತ್ತಿದ್ದ ಕೆಲಸ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಾರ್ನಿಯಾದ ಮೇಲ್ಭಾಗದ ಬಿಲ್ಲೆಯೊಂದನ್ನು ತಾವೇ ರೂಪಿಸಿದ ಸೂಕ್ಷ್ಮ ಕತ್ತಿಯಿಂದ ಪೂರ್ತಿ ಕತ್ತರಿಸಿ ತೆಗೆಯುವುದು, ಅದನ್ನು ಹೆಪ್ಪುಗಟ್ಟಿಸಿ ಲೇತ್ ಯಂತ್ರಕ್ಕೆ ಕಟ್ಟಿ ಬೇಕಾದ ಆಕಾರಕ್ಕೆ ಕಡೆಯುವುದು, ಕರಗಿಸಿ ಮತ್ತೆ ಕಣ್ಣಿಗೆ ಹೊಲಿಯುವುದು. ಹೆಪ್ಪುಗಟ್ಟಿಸಿದಾಗ ಕೋಶಗಳು ಸಾಯುತ್ತಿದ್ದವು, ಗುಣವಾಗಲು ತಿಂಗಳುಗಟ್ಟಲೆ ಬೇಕಿತ್ತು. ಅವರಷ್ಟು ಕೈಚಳಕವಿಲ್ಲದವರಿಗೆ ಇದು ಒಲಿಯುವಂತಿರಲಿಲ್ಲ. ಕೊನೆಗೂ ಸರಿಯೆನಿಸಿಕೊಂಡ ವಿಚಾರ ಅವರದೇ. ಅದಕ್ಕೆ ತಕ್ಕ ಉಳಿ ಮಾತ್ರ ಬೊಗೋಟಾದಲ್ಲಿ ಇರಲಿಲ್ಲ.

ಆ ಉಳಿ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿದೆ ಎಂದು ಕಂಡುಕೊಂಡವರು ಸ್ಟೀಫನ್ ಟ್ರೋಕೆಲ್, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ವೈದ್ಯರು. ಅಮೆರಿಕದ ವಾಯುಪಡೆಯ ಸಂಶೋಧಕ ಜಾನ್ ಟಬೋಡಾ ಮತ್ತು ಸಂಗಡಿಗರು ಎಕ್ಸೈಮರ್ ಕಿರಣ ಕಣ್ಣಿಗೆ ಎಷ್ಟು ಅಪಾಯ ಎಂದು ಪರೀಕ್ಷಿಸಿ, ಕಾರ್ನಿಯಾದ ಮೇಲ್ಪದರದಲ್ಲಿ ಗುಳಿ ಬೀಳುವುದನ್ನು 1981ರಲ್ಲೇ ವರದಿ ಮಾಡಿದ್ದರು. ಅವರ ಕಣ್ಣಿಗೆ ಅದು ಗಾಯವಾಗಿ ಕಂಡಿತ್ತು. ಟ್ರೋಕೆಲ್ ಅದರಲ್ಲಿ ಉಪಕರಣವನ್ನು ಕಂಡರು. 1983ರಲ್ಲಿ ಅವರು ಕಸಾಯಿಖಾನೆಯಿಂದ ತಂದ ದನದ ಕಣ್ಣುಗಳೊಂದಿಗೆ ಐಬಿಎಂಗೆ ಹೋಗಿ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿ ಬೋಡಿಲ್ ಬ್ರಾರೆನ್ ಜೊತೆ ಕೆಲಸಕ್ಕೆ ಕುಳಿತರು. ವಜ್ರದ ಅಲಗಿನ ಗೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚು ಹಿಂಜಿರುತ್ತದೆ. ಈ ಕಿರಣದ ಕೊರೆತದಲ್ಲಿ ಪಕ್ಕದ ಎಳೆಗಳ ಜೋಡಣೆ ಕೂಡ ಕೆಟ್ಟಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅಮೇರಿಕನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಮೂವರ ಲೇಖನ ಬಂತು.

ಮೊದಮೊದಲು ಯೋಚನೆ ಹಳೆಯ ಜಾಡಿನಲ್ಲೇ ಹೋಯಿತು: ಫ್ಯೊದೊರೊವ್ ಅಲಗಿನಿಂದ ಹಾಕಿದ ಗೀರನ್ನು ಲೇಸರಿನಿಂದ ಹಾಕೋಣ ಎಂದು. ಕಾಲು ಮೈಕ್ರಾನಿನ ಲೆಕ್ಕದಲ್ಲಿ ಪದರ ಎಬ್ಬಿಸಬಲ್ಲ ಬೆಳಕಿನಿಂದ ಆಳವಾಗಿ ಸೀಳುವುದೇಕೆ, ಕಾರ್ನಿಯಾದ ಮೇಲ್ಮೈಯನ್ನೇ ಸವರಿ ಹೊಸ ಬಾಗು ಕೊಡಬಹುದಲ್ಲ ಎಂಬ ತಿರುವು ನಂತರದ್ದು. ಟ್ರೋಕೆಲ್ ಮತ್ತು ಲಂಡನ್ನಿನ ಜಾನ್ ಮಾರ್ಷಲ್ ಮುಂತಾದವರು 1986ರ ಹೊತ್ತಿಗೆ ಇದನ್ನು ಬರೆದು ತೋರಿಸಿದರು. ಎಷ್ಟು ಸವರಬೇಕು ಎನ್ನುವ ಲೆಕ್ಕ ಕೊಟ್ಟವರು ಚಾರ್ಲ್ಸ್ ಮನ್ನರ್ಲಿನ್ ಎಂಬ ಇಂಜಿನಿಯರ್. ಸವರುವ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಪವರಿನಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ನಡುವೆ ತೆಗೆಯಬೇಕಾದ ಆಳ ಮೈಕ್ರಾನಿನಲ್ಲಿ ಸಿಗುತ್ತದೆ. ಆರು ಮಿಲಿಮೀಟರ್ ಅಗಲಕ್ಕೆ ಒಂದು ಡಯಾಪ್ಟರಿಗೆ 12 ಮೈಕ್ರಾನ್. ಮೈನಸ್ ನಾಲ್ಕು ಇರುವವರಿಗೆ 48 ಮೈಕ್ರಾನ್, ಒಂದು ಕೂದಲಿಗಿಂತ ತೆಳು. ದಪ್ಪ ಗಾಜಿನ ಕನ್ನಡಕ ಹೊತ್ತು ಶಾಲೆಗೆ ಹೋದವರಿಗೆ ಈ ಸಂಖ್ಯೆ ತಟ್ಟುವಷ್ಟು ಬೇರೆಯವರಿಗೆ ತಟ್ಟಲಾರದು. ಎಷ್ಟೋ ಜನರ ಬಾಲ್ಯದ ಆ ಮಬ್ಬೆಲ್ಲ ಒಂದು ಕೂದಲೆಳೆಗಿಂತ ಕಡಿಮೆ ದಪ್ಪದ್ದು.

ಮುಂದಿನದು ಕಾಯುವ ಕಾಲ. ಪ್ಲಾಸ್ಟಿಕ್, ಮೊಲ, ಮಂಗ. ಕೆತ್ತಿದ ಕಾರ್ನಿಯಾ ಮಾಗುವಾಗ ಮಬ್ಬು ಕಟ್ಟಬಾರದಲ್ಲ, ಅದೇ ದೊಡ್ಡ ಚಿಂತೆ. ಕೆಲವು ಪ್ರಾಣಿಗಳಲ್ಲಿ ಕಟ್ಟುತ್ತಿತ್ತು. ಕಿರಣದ ಮೈ ಎಲ್ಲ ಕಡೆ ಒಂದೇ ಸಮನಾಗಿರುವಂತೆ ತಿದ್ದುತ್ತ ತಿದ್ದುತ್ತ ಅದು ಕಡಿಮೆಯಾಯಿತು. ಬರ್ಲಿನ್ನಿನಲ್ಲಿ ಥಿಯೊ ಜೈಲರ್ 1987ರಲ್ಲಿ ದೃಷ್ಟಿಯಿಲ್ಲದ ಕಣ್ಣುಗಳ ಮೇಲೆ ಪ್ರಯೋಗಿಸಿದರು. ಆದರೆ ಕುರುಡು ಕಣ್ಣು ತನಗೆ ಈಗ ಹೇಗೆ ಕಾಣುತ್ತಿದೆ ಎಂದು ಹೇಳಲಾರದು. ಕಾಣುವ ಕಣ್ಣೊಂದು ಬೇಕಿತ್ತು. ಕಾಣುವ ಕಣ್ಣನ್ನು ಯಾರು ಕೊಟ್ಟಾರು?

ಕೊಟ್ಟವರು ಅಮೆರಿಕದ ಲೂಸಿಯಾನಾದ, ಅರವತ್ತು ದಾಟಿದ ಒಬ್ಬ ಹೆಂಗಸು. ಕಣ್ಣಿನ ಕುಳಿಯಲ್ಲಿ ಕ್ಯಾನ್ಸರ್ ಆಗಿ ಇಡೀ ಕಣ್ಣನ್ನೇ ತೆಗೆಯಬೇಕೆಂದು ನಿಶ್ಚಯವಾಗಿತ್ತು. ಕಣ್ಣಿನ ದೃಷ್ಟಿ ಮಾತ್ರ ಚೆನ್ನಾಗಿತ್ತು. ಹೇಗೂ ಹೋಗುವ ಕಣ್ಣು, ಬೇರೆಯವರಿಗೆ ಉಪಯೋಗವಾಗಲಿ ಎಂದು ಆಕೆ ಮುಂದೆ ಬಂದರು. ನ್ಯೂ ಆರ್ಲಿಯನ್ಸ್‌ನಲ್ಲಿ 1988ರ ಮಾರ್ಚಿನಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯೆ ಆ ಕಣ್ಣಿಗೆ ಎಕ್ಸೈಮರ್ ಕಿರಣ ಹಾಯಿಸಿದರು. ಕಾಣುವ ಮನುಷ್ಯನ ಕಣ್ಣಿನ ಮೇಲೆ ಈ ಚಿಕಿತ್ಸೆ ನಡೆದದ್ದು ಅದೇ ಮೊದಲು. ಮುಂದಿನ ಕೆಲವು ದಿನ ಆಕೆ ಒಂದಾದ ಮೇಲೊಂದು ಪರೀಕ್ಷೆಗೆ ಕುಳಿತರು. ಮೇಲ್ಪದರ ಹೇಗೆ ಮುಚ್ಚಿಕೊಂಡಿತು, ಪವರ್ ಎಷ್ಟು ಬದಲಾಯಿತು ಎಲ್ಲ ದಾಖಲಾಯಿತು. ಆಮೇಲೆ ಕಣ್ಣು ತೆಗೆದರು. ಮಾಗುತ್ತಿದ್ದ ಕಾರ್ನಿಯಾವನ್ನು ಸೂಕ್ಷ್ಮದರ್ಶಕದಡಿ ಪದರ ಪದರವಾಗಿ ನೋಡಿದರು. ಪ್ರಶಸ್ತಿ ಪಟ್ಟಿಗಳಲ್ಲಿ ವಿಜ್ಞಾನಿಗಳ ಹೆಸರಿದೆ, ಇರಬೇಕಾದ್ದೇ. ಈ ಇಡೀ ಕತೆಯಲ್ಲಿ ತನಗೆ ಏನೂ ಲಾಭವಿಲ್ಲವೆಂದು ತಿಳಿದೂ ಕೊಟ್ಟವರು ಇವರೊಬ್ಬರೇ ಎಂದು ನಾನು ನೆನೆಯುತ್ತೇನೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಚಿಕಿತ್ಸೆಗೆ ಅನುಮತಿ ಕೊಟ್ಟದ್ದು 1995ರ ಅಕ್ಟೋಬರಿನಲ್ಲಿ. ಟರ್ಕಿಯ ತುಂಡಿನಿಂದ ಅಲ್ಲಿಗೆ ಹದಿನಾಲ್ಕು ವರ್ಷ. ಶ್ರೀನಿವಾಸನ್, ವಿನ್, ಬ್ಲಮ್ ಮೂವರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂದದ್ದು 2013ರಲ್ಲಿ, ಅಧ್ಯಕ್ಷ ಒಬಾಮಾ ಕಾಲದಲ್ಲಿ.

ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಪಿಆರ್‌ಕೆ ಎಂದು ಕರೆಯುವುದು ಮೆಕ್‌ಡೊನಾಲ್ಡ್ ಮಾಡಿದ ಆ ಚಿಕಿತ್ಸೆಯನ್ನೇ. ಕಾರ್ನಿಯಾದ ಮೇಲಿನ ತೆಳು ಚರ್ಮವನ್ನು ಮೊದಲು ತೆಗೆದು, ಕೆಳಗಿನ ಗಟ್ಟಿ ಪದರವನ್ನು ಲೇಸರಿನಿಂದ ಸವರುತ್ತಾರೆ. ಆ ಚರ್ಮ ಮತ್ತೆ ಬೆಳೆಯಲು ಮೂರರಿಂದ ಐದು ದಿನ, ಅಷ್ಟೂ ದಿನ ಕಣ್ಣಲ್ಲಿ ಮರಳು ಹೊಯ್ದ ನೋವು, ನೀರು. ದೃಷ್ಟಿ ಪೂರ್ತಿ ತಿಳಿಯಾಗಲು ವಾರಗಳೇ ಬೇಕು. ಕಾರ್ನಿಯಾದ ಗಟ್ಟಿತನಕ್ಕೆ ಮಾತ್ರ ಇದರಲ್ಲಿ ಪೆಟ್ಟು ಕಡಿಮೆ.

ನೋವು ತಪ್ಪಿಸುವ ಉಪಾಯ ಗ್ರೀಸಿನಿಂದ ಬಂತು. ಕ್ರೀಟ್ ದ್ವೀಪದ ಯೊಆನ್ನಿಸ್ ಪಲ್ಲಿಕಾರಿಸ್ ಬರ್ರಾಕೆರರ ಸೂಕ್ಷ್ಮ ಕತ್ತಿಯನ್ನೂ ಹೊಸ ಲೇಸರನ್ನೂ ಒಂದುಗೂಡಿಸಿದರು. ಕಾರ್ನಿಯಾದ ಮೇಲ್ಪದರವನ್ನು ಪೂರ್ತಿ ಕತ್ತರಿಸದೆ ಒಂದು ಅಂಚಿನಲ್ಲಿ ಅಂಟಿರುವಂತೆ ಬಿಟ್ಟು, ಪುಸ್ತಕದ ಹಾಳೆಯಂತೆ ಮಗುಚಿ, ಒಳಪದರವನ್ನು ಲೇಸರಿನಿಂದ ಸವರಿ, ಮತ್ತೆ ಮುಚ್ಚುವುದು. ಹೊಲಿಗೆಯಿಲ್ಲ, ಮೇಲಿನ ಚರ್ಮಕ್ಕೆ ಗಾಯವಿಲ್ಲ, ಮರುದಿನವೇ ಗಡಿಯಾರದ ಮುಳ್ಳು ಕಾಣುತ್ತದೆ. ಮೊಲಗಳ ನಂತರ 1989ರಲ್ಲಿ ದೃಷ್ಟಿಯಿಲ್ಲದ ಮನುಷ್ಯನ ಕಣ್ಣಿನ ಮೇಲೆ ಅವರು ಮಾಡಿದ ಈ ಚಿಕಿತ್ಸೆಯೇ ಲೇಸಿಕ್. ಇರಾನ್ ಮೂಲದ ಘೋಲಾಂ ಪೇಮನ್ ಇಂಥದೇ ಉಪಾಯಕ್ಕೆ ಅಮೆರಿಕದಲ್ಲಿ ಅದೇ ವರ್ಷ ಪೇಟೆಂಟ್ ಪಡೆದಿದ್ದರು; ಮಿಲಾನಿನ ಲೂಚಿಯೊ ಬುರಾಟ್ಟೊ ಕೂಡ ಆಸುಪಾಸಿನ ದಾರಿಯಲ್ಲೇ ಇದ್ದರು.

ಹಾಳೆ ಮಗುಚುವಾಗ ಕಾರ್ನಿಯಾದ ನರಗಳು ಕಡಿಯುತ್ತವೆ, ಅದಕ್ಕೇ ಲೇಸಿಕ್ ಆದವರಿಗೆ ಕೆಲವು ತಿಂಗಳು ಕಣ್ಣು ಒಣಗಿದಂತಾಗುವುದು. ಇನ್ನೂ ಗಂಭೀರವಾದ ತೊಂದರೆಯನ್ನು 1998ರಲ್ಲಿ ಜೈಲರ್ ಅವರೇ ವರದಿ ಮಾಡಿದರು: ಹೆಚ್ಚು ಸವರಿ ದುರ್ಬಲವಾದ ಕಾರ್ನಿಯಾ ನಿಧಾನವಾಗಿ ಮುಂದಕ್ಕೆ ಉಬ್ಬಿ ಸೊಟ್ಟಗಾಗುತ್ತದೆ. ತಾನು ಬೆಳೆಸಿದ ಚಿಕಿತ್ಸೆಯ ಹಾನಿಯನ್ನು ತಾನೇ ಮೊದಲು ಬರೆದು, ಅಂಥ ಕಾರ್ನಿಯಾವನ್ನು ರೈಬೊಫ್ಲೇವಿನ್ ಹನಿ ಮತ್ತು ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸುವ ಕ್ರಾಸ್-ಲಿಂಕಿಂಗ್ ವಿಧಾನ ರೂಪಿಸಿದ ತಂಡದಲ್ಲೂ ಇದ್ದವರು ಅವರು. ನನ್ನ ಮಟ್ಟಿಗೆ ಜೈಲರ್ ಈ ಕತೆಯ ದೊಡ್ಡ ಮನುಷ್ಯ.

ಕತ್ತಿಯನ್ನೂ ಬಿಡಿಸಿದ ಆವಿಷ್ಕಾರಕ್ಕೆ ಕಾರಣ ಒಂದು ಅವಘಡ. 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೆರಾರ್ ಮುರು ಅವರ ಪ್ರಯೋಗಾಲಯದಲ್ಲಿ ರಕ್ಷಣಾ ಕನ್ನಡಕ ಹಾಕದೆ ಫೆಮ್ಟೊಸೆಕೆಂಡ್ ಲೇಸರ್ ಸರಿಪಡಿಸುತ್ತಿದ್ದ ವಿದ್ಯಾರ್ಥಿಯೊಬ್ಬರ ಕಣ್ಣಿಗೆ ಕಿರಣ ತಗುಲಿತು. ಅವರನ್ನು ನೋಡಿದವರು ಆಗಿನ್ನೂ ತರಬೇತಿಯಲ್ಲಿದ್ದ ವೈದ್ಯ ರಾನ್ ಕರ್ಟ್ಜ್. ಅಕ್ಷಿಪಟಲದ ಮೇಲಿನ ಸುಟ್ಟ ಗಾಯ ಎಂಥದ್ದಿರಬೇಕೆಂದು ಅವರು ಕಂಡಿದ್ದರು; ಇದು ಹಾಗಿರಲಿಲ್ಲ. ಚಿಕ್ಕದು, ದುಂಡಗೆ, ಅಂಚು ಸ್ಪಷ್ಟ, ಸುತ್ತ ಊತವಿಲ್ಲ. ಇದು ಯಾವ ಲೇಸರ್ ಎಂದು ಕೇಳಿಕೊಂಡು ಕರ್ಟ್ಜ್ ಆ ಪ್ರಯೋಗಾಲಯದ ಬಾಗಿಲಿಗೇ ಹೋದರು. ಟಿಬೋರ್ ಯುಹಾಸ್ ಜೊತೆ ಸೇರಿ ಅವರು ಕಟ್ಟಿದ ಯಂತ್ರ ಕಾರ್ನಿಯಾದ ಒಳಗೆ, ಮೇಲ್ಮೈಗೆ ಗಾಯ ಮಾಡದೆ, ಸಾಲಾಗಿ ಸಾವಿರಾರು ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಪದರವನ್ನು ಬಿಡಿಸುತ್ತದೆ. ಫೆಮ್ಟೊಸೆಕೆಂಡ್ ಲೇಸರಿನ ಅತಿ ಕಿರು ಮಿಡಿತಗಳನ್ನು ಬಲಪಡಿಸುವ ವಿಧಾನ ಕಂಡುಹಿಡಿದ ಮುರು ಮತ್ತು ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಗುಳ್ಳೆ ಸಾಲಿನಿಂದ ಪದರ ಬಿಡಿಸಬಹುದಾದರೆ ಹಾಳೆ ಮಗುಚುವುದಾದರೂ ಏಕೆ? ಜರ್ಮನಿಯ ವಾಲ್ಟರ್ ಜೆಕುಂಡೊ ಮತ್ತು ಮಾರ್ಕುಸ್ ಬ್ಲೂಮ್ ಇದನ್ನೇ ಕೇಳಿಕೊಂಡರು. ಕಾರ್ನಿಯಾದೊಳಗೆ ಮೇಲೊಂದು ಕೆಳಗೊಂದು ಬಾಗಿದ ಕೊರೆತ ಹಾಕಿ, ನಡುವೆ ಬೇರ್ಪಟ್ಟ ತೆಳು ಬಿಲ್ಲೆಯನ್ನು ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಚಿಮಟಿಗೆಯಲ್ಲಿ ಎಳೆದು ತೆಗೆಯುವ ಸ್ಮೈಲ್ ಚಿಕಿತ್ಸೆ ಹೀಗೆ ಹುಟ್ಟಿತು. ಇದರಲ್ಲಿ ಭಾರತದ ಪಾಲೂ ಇದೆ: ವಡೋದರದ ರೂಪಲ್ ಶಾ ಮತ್ತು ತಂಡ ಈ ಚಿಕಿತ್ಸೆಯ ಫಲಿತಾಂಶಗಳನ್ನು 2011ರಲ್ಲೇ ಪ್ರಕಟಿಸಿದ್ದರು. ಅಮೆರಿಕದ ಅನುಮತಿ ಸಿಕ್ಕಿದ್ದು 2016ರಲ್ಲಿ.

ಹಾಗಾದರೆ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ಈ ಇತಿಹಾಸವೇ ಉತ್ತರ ಹೇಳುತ್ತದೆ. ಕಾರ್ನಿಯಾದ ದಪ್ಪ ಮತ್ತು ಆಕಾರದ ನಕ್ಷೆ ನೋಡದೆ ಯಾವುದೂ ಒಳ್ಳೆಯದಲ್ಲ. ತೆಳು ಕಾರ್ನಿಯಾ, ಪೆಟ್ಟು ತಗುಲುವ ಕ್ರೀಡೆಯಲ್ಲಿರುವವರು ಎಂದರೆ ಪಿಆರ್‌ಕೆ. ಬೇಗ ಕೆಲಸಕ್ಕೆ ಮರಳಬೇಕು, ಕಾರ್ನಿಯಾ ದಪ್ಪವಿದೆ ಎಂದರೆ ಲೇಸಿಕ್ ಅಥವಾ ಸ್ಮೈಲ್. ಪವರ್ ತೀರ ಹೆಚ್ಚಿದ್ದರೆ ಕಾರ್ನಿಯಾವನ್ನು ಸವರದೆ ಕಣ್ಣಿನೊಳಗೆ ಮಸೂರ ಕೂರಿಸುವ ಐಸಿಎಲ್. ಕಾರ್ನಿಯಾ ತಾನಾಗಿಯೇ ತೆಳುವಾಗಿ ಉಬ್ಬುವ ಕೆರಟೊಕೋನಸ್ ರೋಗದ ಸುಳಿವಿದ್ದವರಿಗೆ, ಪವರ್ ಇನ್ನೂ ಏರುತ್ತಿರುವ ಹದಿಹರೆಯದವರಿಗೆ ಬೇಡವೆಂದು ಹೇಳುವ ವೈದ್ಯರನ್ನು ನಂಬಬೇಕು. ನಲವತ್ತರ ನಂತರದ ಚಾಳೀಸು ಕಣ್ಣಿನೊಳಗಿನ ಮಸೂರ ಬಿಗಿಯುವುದರಿಂದ ಬರುವಂಥದ್ದು. ಇಪ್ಪತ್ತೈದರಲ್ಲಿ ಲೇಸರ್ ಮಾಡಿಸಿಕೊಂಡರೂ ಪೇಪರ್ ಓದುವ ಕನ್ನಡಕ ಆ ವಯಸ್ಸಿಗೆ ಬಂದೇ ಬರುತ್ತದೆ.

ಸ್ಮೈಲ್‌ನಲ್ಲಿ ತೆಗೆದ ಬಿಲ್ಲೆ ಮಾತ್ರ ಎಕ್ಸೈಮರ್ ಕಿರಣಕ್ಕೆ ಸಿಕ್ಕ ಅಂಗಾಂಶದಂತೆ ಆವಿಯಾಗಿ ಹೋಗುವುದಿಲ್ಲ, ಇಡಿಯಾಗಿ ಕೈಗೆ ಬರುತ್ತದೆ. ಬೆಂಗಳೂರಿನ ನೇತ್ರಧಾಮ ಆಸ್ಪತ್ರೆಯ ಡಾ. ಶ್ರೀ ಗಣೇಶ್ ಮತ್ತು ಸಂಗಡಿಗರು ಅದನ್ನು ಎಸೆಯದೆ ಅತಿಶೀತದಲ್ಲಿ ಕಾಪಿಟ್ಟು, ಪ್ಲಸ್ ಪವರ್ ಇರುವ ಇನ್ನೊಬ್ಬರ ಕಾರ್ನಿಯಾದೊಳಗೆ ಸೇರಿಸುವ ಕೆಲಸ ಕೈಗೊಂಡು, 2014ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಪ್ಲಸ್ ಪವರಿಗೆ ಕಾರ್ನಿಯಾದ ನಡುಭಾಗ ಉಬ್ಬಬೇಕು. ಲೇಸರಿಗೆ ತೆಗೆಯುವುದಷ್ಟೇ ಗೊತ್ತು, ಸೇರಿಸಲು ಬಾರದು. ಅದಕ್ಕೆ ಅಂಚನ್ನು ಸುತ್ತ ಸವರಬೇಕಾಗುತ್ತದೆ, ಫಲ ಮೈನಸ್‌ನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ದಾನಿಯ ಕಾರ್ನಿಯಾದಿಂದ ಮಸೂರ ಕೆತ್ತಿ ಇನ್ನೊಬ್ಬರ ಕಾರ್ನಿಯಾದ ಪದರಗಳ ನಡುವೆ ಇಡುವುದನ್ನು ಬರ್ರಾಕೆರ್ 1960ರ ದಶಕದಲ್ಲಿ ಮಾಡಿ ನೋಡಿದ್ದರು, ಹೆಪ್ಪುಗಟ್ಟಿಸಿ ಕಡೆಯುವ ತಮ್ಮ ಅದೇ ಲೇತ್‌ನಿಂದ. ಈಗ ಒಬ್ಬರ ಮೈನಸ್ ಇಳಿಸಲು ತೆಗೆದ ಬಿಲ್ಲೆಯೇ ಇನ್ನೊಬ್ಬರ ಪ್ಲಸ್‌ಗೆ ಒದಗುತ್ತದೆ, ಬೇಡವೆನಿಸಿದರೆ ಅದನ್ನು ಮತ್ತೆ ಹೊರತೆಗೆಯಲೂಬಹುದು.